ಇಪ್ಪತ್ತು ನಿಮಿಷ ಓಡಿ ನಿಲ್ಲುವ ಹಾಯಿದೋಣಿಯ ಪೆಟ್ರೋಲ್ ಎಂಜಿನ್: ದೋಷ ಟ್ಯಾಂಕಿನಲ್ಲೋ ಕಾರ್ಬೊರೇಟರ್‌ನಲ್ಲೋ?

ಪಡುವಣ ಗಾಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಹಳೆಯ ಹಾಯಿದೋಣಿಯಲ್ಲಿರುವುದು ಅಟಾಮಿಕ್ ಫೋರ್ ಎಂಜಿನ್. 1949ರಿಂದ 1980ರ ದಶಕದವರೆಗೆ ಅಮೆರಿಕದಲ್ಲಿ ತಯಾರಾದ, ನಾಲ್ಕು ಸಿಲಿಂಡರ್‌ಗಳ, ಸುಮಾರು 30 ಅಶ್ವಶಕ್ತಿಯ ಈ ಎಂಜಿನ್ನನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದೀರಿ ಎಂಬ ಭರವಸೆಯಿಂದ ಬರೆಯುತ್ತಿದ್ದೇನೆ.

ತೊಂದರೆ ಇಷ್ಟು. ಬೆಳಿಗ್ಗೆ ಮೊದಲ ಸಲಕ್ಕೇ ಎಂಜಿನ್ ಸ್ಟಾರ್ಟ್ ಆಗುತ್ತದೆ, ಐಡಲಿಂಗ್‌ನಲ್ಲಿ ಯಾವ ದೋಷವೂ ಕಾಣುವುದಿಲ್ಲ, ಗೇರ್ ಹಾಕಿ ಹೊರಟರೂ ಇಪ್ಪತ್ತು ನಿಮಿಷ ಸರಿಯಾಗಿಯೇ ಓಡುತ್ತದೆ. ಆಮೇಲೆ ವೇಗ ಏರಿಳಿಯಲು ತೊಡಗಿ ನಿಂತುಬಿಡುತ್ತದೆ. ಹತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗಿ, ಈ ಸಲ ಇನ್ನೂ ಬೇಗ ನಿಲ್ಲುತ್ತದೆ. ಫಿಲ್ಟರ್ ಬದಲಿಸಿದ್ದೇನೆ, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರ್ ಎರಡು ಬಾರಿ ಬಿಚ್ಚಿ ತೊಳೆದಿದ್ದೇನೆ, ಸ್ಪಾರ್ಕ್ ಪ್ಲಗ್‌ಗಳೂ ಹೊಸವು. ಕಿರಿದಾದ ಕಾಲುವೆಯಲ್ಲಿ ಎದುರುಗಾಳಿಗೆ ಎಂಜಿನ್ ನಿಂತು ಅವಸರದಲ್ಲಿ ಲಂಗರು ಹಾಕಬೇಕಾಗಿ ಬಂದ ಮೇಲೆ ಈ ದೋಣಿಯನ್ನು ಹೊರಗೆ ಒಯ್ಯುವ ಧೈರ್ಯ ನನಗಿಲ್ಲ.

ಹಳೆಯ ಪಾನಾ

ಮಾನ್ಯರೇ, ತಾವು ಬಿಡಿಭಾಗಗಳನ್ನು ಬದಲಿಸಿದ್ದೀರಿ, ಆದರೆ ಎಂಜಿನ್ ಹೇಗೆ ಸಾಯುತ್ತದೆ ಎಂಬುದನ್ನು ಬರೆದಿಲ್ಲ. ಸ್ವಿಚ್ ಆರಿಸಿದಂತೆ ಒಂದೇ ಕ್ಷಣದಲ್ಲಿ ನಿಲ್ಲುತ್ತದೆಯೋ, ಅಥವಾ ಅರ್ಧ ನಿಮಿಷ ತಡವರಿಸಿ, ಬಲ ಕಳೆದುಕೊಳ್ಳುತ್ತಾ ನಿಲ್ಲುತ್ತದೆಯೋ? ಒಂದೇ ಏಟಿಗೆ ನಿಲ್ಲುವುದು ಹೆಚ್ಚಾಗಿ ವಿದ್ಯುತ್ತಿನ ಕಡೆಯ ದೋಷ. ಪ್ಲಗ್‌ಗಳ ಕಿಡಿಗೆ ವಿದ್ಯುತ್ತು ಒದಗಿಸುವ ಇಗ್ನಿಷನ್ ಕಾಯಿಲ್ ಬಿಸಿಯೇರಿದಾಗ ಕೈಕೊಟ್ಟು, ತಣಿದ ಮೇಲೆ ಮತ್ತೆ ಕೆಲಸ ಮಾಡುವುದು ಈ ಎಂಜಿನ್‌ಗಳಲ್ಲಿ ಸಾಮಾನ್ಯ. ಅದೂ ತಮ್ಮ ವಿವರಣೆಗೆ ಬಹುಪಾಲು ಹೊಂದುತ್ತದೆ. ಪೆಟ್ರೋಲ್ ಸಾಲದೆ ನಿಲ್ಲುವ ಎಂಜಿನ್ ಮಾತ್ರ ಉಸಿರು ಸಾಲದವರಂತೆ ಒದ್ದಾಡಿಯೇ ನಿಲ್ಲುತ್ತದೆ.

ಎರಡು ಪರೀಕ್ಷೆಗಳನ್ನು ಮಾಡಿರಿ. ಮೊದಲನೆಯದಾಗಿ, ಎಂಜಿನ್ ತಡವರಿಸಲು ತೊಡಗಿದ ಕೂಡಲೇ, ಒಳಬರುವ ಗಾಳಿಯನ್ನು ಕಡಿಮೆ ಮಾಡುವ ಚೋಕ್ ಅರ್ಧ ಎಳೆಯಿರಿ. ಆಗ ಅದು ಸ್ವಲ್ಪವಾದರೂ ಚೇತರಿಸಿಕೊಂಡರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬರುತ್ತಿಲ್ಲ ಎಂದರ್ಥ. ಎರಡನೆಯದಾಗಿ, ತಂತಿಯಲ್ಲಿ ಕಿಡಿಯ ವಿದ್ಯುತ್ತು ಹರಿದಾಗಲೆಲ್ಲ ಮಿಂಚುವ ಟೈಮಿಂಗ್ ಲೈಟಿನ ಕ್ಲಿಪ್ಪನ್ನು ಕಾಯಿಲ್‌ನಿಂದ ಹೊರಡುವ ದಪ್ಪ ತಂತಿಗೆ ಸಿಕ್ಕಿಸಿ, ಎಂಜಿನ್ ಸಾಯುವ ಹೊತ್ತಿನಲ್ಲಿ ದೀಪವನ್ನು ನೋಡುತ್ತಿರಿ. ಕೊನೆಯ ಸುತ್ತಿನವರೆಗೂ ದೀಪ ಮಿಂಚುತ್ತಿದ್ದರೆ ಕಾಯಿಲ್ ನಿರಪರಾಧಿ. ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ಕಿಡಿ ನೋಡುವ ಗ್ಯಾರೇಜಿನ ಅಭ್ಯಾಸವನ್ನು ದೋಣಿಯೊಳಗೆ ದಯವಿಟ್ಟು ಮಾಡಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ರಸ್ತೆಯ ವಾಹನದಲ್ಲಿ ಅದು ಕೆಳಗಿಳಿದು ಚದುರಿಹೋಗುತ್ತದೆ, ದೋಣಿಯಲ್ಲಿ ತಳದ ಗುಂಡಿಗೆ ಇಳಿದು ಅಲ್ಲೇ ಕಾಯುತ್ತಿರುತ್ತದೆ.

ಉಬ್ಬರವಿಳಿತ

ಕಾರ್ಬೊರೇಟರ್ ಎಷ್ಟು ತೊಳೆದರೂ ಹಳೆಯದು ಹಳೆಯದೇ. ನನ್ನ ದೋಣಿಯಲ್ಲಿಯೂ ಎಂಜಿನ್ ಹೀಗೆಯೇ ತಡವರಿಸುತ್ತಿತ್ತು. ಹೊಸ ಕಾರ್ಬೊರೇಟರ್ ಹಾಕಿದ ಮೇಲೆ ಸರಿಹೋಯಿತು. ಪರೀಕ್ಷೆಗಳಲ್ಲಿ ಹಂಗಾಮು ಕಳೆಯುವುದಕ್ಕಿಂತ ಅದನ್ನು ಬದಲಿಸಿಬಿಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಹಳೆಯ ಪಾನಾ

ಉಬ್ಬರವಿಳಿತದವರೇ, ತಮ್ಮ ದೋಣಿಯ ಅನುಭವವನ್ನು ಅಲ್ಲಗಳೆಯುವುದಿಲ್ಲ, ಆದರೆ ಇಲ್ಲಿ ಆ ಸಲಹೆಯನ್ನು ಒಪ್ಪಲಾರೆ. ಕಾರ್ಬೊರೇಟರ್‌ನ ದೋಷಕ್ಕೆ ಗಡಿಯಾರ ನೋಡುವ ಅಭ್ಯಾಸವಿಲ್ಲ. ಐಡಲ್ ಜೆಟ್, ಅಂದರೆ ನಿಧಾನದ ಓಟಕ್ಕೆ ಪೆಟ್ರೋಲ್ ಬಿಡುವ ಸಣ್ಣ ತೂತು, ಕಟ್ಟಿಕೊಂಡಿದ್ದರೆ ಎಂಜಿನ್ ಚೋಕ್ ಇಲ್ಲದೆ ನಿಧಾನದಲ್ಲಿ ಓಡುವುದೇ ಇಲ್ಲ, ಥ್ರಾಟಲ್ ಕೊಟ್ಟರೆ ಮಾತ್ರ ಓಡುತ್ತದೆ. ವೇಗದ ಓಟದ ಮೇನ್ ಜೆಟ್ ಕಟ್ಟಿದ್ದರೆ ಇದರ ತಿರುಗುಮುರುಗು: ಐಡಲಿಂಗ್ ಚೆನ್ನಾಗಿರುತ್ತದೆ, ಥ್ರಾಟಲ್ ಕೊಟ್ಟ ಕೂಡಲೇ ಮುಗ್ಗರಿಸುತ್ತದೆ. ಎರಡರಲ್ಲಿ ಯಾವುದಿದ್ದರೂ ಮೊದಲ ಒಂದೆರಡು ನಿಮಿಷಗಳಲ್ಲೇ ಗೊತ್ತಾಗಬೇಕು. ಕಾರ್ಬೊರೇಟರ್‌ನ ಫ್ಲೋಟ್ ಬಟ್ಟಲಿನಲ್ಲಿ ನಿಂತಿರುವ ಪೆಟ್ರೋಲ್ ತೀರಾ ಸ್ವಲ್ಪ. ಗೇರಿನಲ್ಲಿ ಓಡುವ ಎಂಜಿನ್ ಅದನ್ನು ನೋಡನೋಡುತ್ತಿದ್ದಂತೆ ಮುಗಿಸುತ್ತದೆ. ಇಪ್ಪತ್ತು ನಿಮಿಷ ಪೂರ್ತಿ ಬಲದಿಂದ ಓಡಿದ ಎಂಜಿನ್ನಿಗೆ ಅಷ್ಟು ಹೊತ್ತೂ ಹಿಂದಿನಿಂದ ಪೆಟ್ರೋಲ್ ಬಂದಿದೆ, ಆಮೇಲೆ ಏನೋ ಒಂದು ಮೆಲ್ಲಮೆಲ್ಲನೆ ಬಿಗಿದಿದೆ. ಹಾಗೆ ಮೆಲ್ಲನೆ ಬಿಗಿದು, ಎಂಜಿನ್ ನಿಂತ ಮೇಲೆ ತಾನಾಗಿ ಸಡಿಲವಾಗುವ ಜಾಗಗಳು ಟ್ಯಾಂಕಿನ ಕಡೆ ಇವೆ, ಕಾರ್ಬೊರೇಟರ್ ಕಡೆ ಇಲ್ಲ.

ಅಂದಹಾಗೆ, ಕಾರ್ಬೊರೇಟರ್ ತೊಳೆದಾಗ ಜೆಟ್‌ಗಳಿಗೆ ತಂತಿ ತೂರಿಸಿಲ್ಲವಷ್ಟೆ? ಹಿತ್ತಾಳೆ ಮೆದು ಲೋಹ, ತೂತು ಕೂದಲೆಳೆಯಷ್ಟು ಅಗಲವಾದರೂ ಮಿಶ್ರಣ ಕೆಡುತ್ತದೆ. ದ್ರಾವಕದಲ್ಲಿ ನೆನೆಸಿ ಗಾಳಿ ಊದುವುದಷ್ಟೇ ಸರಿಯಾದ ಕ್ರಮ.

ಪಡುವಣ ಗಾಳಿ

ತಂತಿ ತೂರಿಸಿಲ್ಲ, ನಂಬಿರಿ. ತಾವು ಹೇಳಿದ ಎರಡೂ ಪರೀಕ್ಷೆಗಳನ್ನು ದೋಣಿಯನ್ನು ಕಟ್ಟೆಗೆ ಭದ್ರವಾಗಿ ಕಟ್ಟಿ, ಗೇರ್ ಹಾಕಿಯೇ ಮಾಡಿದೆ. ಇಪ್ಪತ್ತೆರಡನೆಯ ನಿಮಿಷಕ್ಕೆ ವೇಗ ಏರಿಳಿಯತೊಡಗಿತು. ಚೋಕ್ ಎಳೆದಾಗ ಇನ್ನೊಂದು ಎರಡು ನಿಮಿಷ ಬದುಕಿತು. ಟೈಮಿಂಗ್ ಲೈಟ್ ಕೊನೆಯವರೆಗೂ ಮಿಂಚಿತು. ಆದ್ದರಿಂದ ತೊಂದರೆ ಪೆಟ್ರೋಲಿನದೇ ಎಂದು ಒಪ್ಪಿಕೊಂಡಿದ್ದೇನೆ.

ಒಂದು ವಿಚಿತ್ರ ಸಂಗತಿ ಈಗ ನೆನಪಾಗುತ್ತಿದೆ. ಕಳೆದ ಹಂಗಾಮಿನಲ್ಲಿ ಟ್ಯಾಂಕ್ ಅರ್ಧ ಖಾಲಿಯಿದ್ದಾಗ ಇದೇ ಎಂಜಿನ್ ಒಂದು ಗಂಟೆಗೂ ಹೆಚ್ಚು ಓಡಿತ್ತು. ಈ ಸಲ ಹೊರಡುವ ಮೊದಲು ಕಂಠಪೂರ್ತಿ ತುಂಬಿಸಿದ ಮೇಲೆಯೇ ಕಾಟ ಶುರುವಾದದ್ದು. ಹೊಸ ಪೆಟ್ರೋಲ್ ಕೆಟ್ಟದ್ದಿರಬಹುದೇ?

ಚುಕ್ಕಾಣಿ

ಪೆಟ್ರೋಲನ್ನು ಸಂದೇಹಿಸುವುದು ತಪ್ಪಲ್ಲ, ಆದರೆ ಅದನ್ನು ಐದು ನಿಮಿಷಗಳಲ್ಲಿ ತೀರ್ಮಾನಿಸಬಹುದು. ಫಿಲ್ಟರಿನ ತಳದಿಂದ ಒಂದು ಗಾಜಿನ ಸೀಸೆಯಷ್ಟು ಇಳಿಸಿ, ಅಲುಗಾಡಿಸದೆ ಬಿಡಿ. ತಳದಲ್ಲಿ ಬೇರೆಯೇ ಪದರ ನಿಂತರೆ ನೀರು ಸೇರಿದೆ. ಎಥನಾಲ್ ಬೆರೆಸಿದ ಪೆಟ್ರೋಲಿನಲ್ಲಿ ಇದು ಇನ್ನೂ ತೊಡಕಿನ ವಿಷಯ. ಹತ್ತು ಪ್ರತಿಶತ ಎಥನಾಲ್ ಇರುವ ಪೆಟ್ರೋಲ್ ಸುಮಾರು 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ತನ್ನ ಗಾತ್ರದ ಅರ್ಧ ಪ್ರತಿಶತದಷ್ಟು ನೀರನ್ನು ಕರಗಿಸಿಕೊಂಡಿರಬಲ್ಲದು, ಅಂದರೆ ನೂರು ಲೀಟರಿಗೆ ಅರ್ಧ ಲೀಟರ್. ಅದನ್ನು ಮೀರಿದರೆ, ಅಥವಾ ರಾತ್ರಿ ತಣ್ಣಗಾಗಿ ಆ ಮಿತಿಯೇ ಇಳಿದರೆ, ನೀರು ಎಥನಾಲನ್ನೂ ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ಮೇಲೆ ಉಳಿದ ಪೆಟ್ರೋಲಿನ ಆಕ್ಟೇನ್ ಕೂಡ ತಗ್ಗುತ್ತದೆ. ಹೀಗೆ ಒಮ್ಮೆ ಒಡೆದ ಪೆಟ್ರೋಲನ್ನು ಯಾವ ಡಬ್ಬಿಯ ಔಷಧಿಯೂ ಮತ್ತೆ ಕೂಡಿಸಲಾರದು, ಪೂರ್ತಿ ತೆಗೆದು ವಿಲೇವಾರಿ ಮಾಡುವುದೊಂದೇ ದಾರಿ. ಎಥನಾಲ್ ಒಳ್ಳೆಯ ದ್ರಾವಕವೂ ಹೌದು: ವರ್ಷಗಟ್ಟಲೆ ಟ್ಯಾಂಕಿನ ಗೋಡೆಗೆ ಅಂಟಿ ಕುಳಿತಿದ್ದ ಅಂಟನ್ನು ಎಬ್ಬಿಸಿ ಕೊಳವೆಗೆ ಕಳಿಸುತ್ತದೆ.

ಹಳೆಯ ರಬ್ಬರ್ ಹೋಸ್‌ಗಳನ್ನೂ ನೋಡಿ. ಹೊರಗಿನಿಂದ ಹೊಸತರಂತೆ ಕಂಡರೂ ಒಳಗಿನ ಪದರ ಬಿಟ್ಟುಕೊಂಡು, ಪಂಪ್ ಎಳೆದಾಗ ನಾಲಗೆಯಂತೆ ಅಡ್ಡಬಿದ್ದು ದಾರಿ ಮುಚ್ಚುತ್ತದೆ, ಎಳೆತ ನಿಂತಾಗ ಮತ್ತೆ ತೆರೆದುಕೊಳ್ಳುತ್ತದೆ. ಹೋಸ್ ಮೇಲೆ ಎ1-15 ಎಂಬ ಮುದ್ರೆ ಇಲ್ಲದಿದ್ದರೆ ಈ ನೆಪದಲ್ಲಾದರೂ ಬದಲಿಸಿಬಿಡಿ. ಆ ಮುದ್ರೆಯ ಹೋಸ್ ಎರಡೂವರೆ ನಿಮಿಷ ಬೆಂಕಿಗೆ ತಡೆಯುವಂತೆ ಪರೀಕ್ಷೆಗೊಳಗಾಗಿರುತ್ತದೆ, ಅದರ ಗೋಡೆಯಿಂದ ಹೊರಬೀಳುವ ಆವಿಯೂ ಕಡಿಮೆ.

ಹಳೆಯ ಪಾನಾ

ಟ್ಯಾಂಕ್ ತುಂಬಿದ್ದಾಗಲೇ ಬೇಗ ನಿಲ್ಲುತ್ತದೆ ಎಂಬ ಮಾತನ್ನು ತಾವು ಮೊದಲೇ ಹೇಳಬೇಕಿತ್ತು! ನನ್ನ ಅನುಮಾನ ಈಗ ಟ್ಯಾಂಕಿನ ಗಾಳಿಕೊಳವೆಯ ಮೇಲೆ ನಿಂತಿದೆ. ಲೆಕ್ಕ ನೋಡಿ. ಈ ಎಂಜಿನ್ ಸಾಧಾರಣ ವೇಗದಲ್ಲಿ ಗಂಟೆಗೆ ಮೂರು ಲೀಟರಿನ ಆಸುಪಾಸು ಕುಡಿಯುತ್ತದೆ ಎಂದಿಟ್ಟುಕೊಂಡರೆ ಇಪ್ಪತ್ತು ನಿಮಿಷಕ್ಕೆ ಒಂದು ಲೀಟರ್. ಅಷ್ಟೇ ಗಾಳಿ ಗಾಳಿಕೊಳವೆಯಿಂದ ಒಳಗೆ ಬರಬೇಕು. ಬಾರದಿದ್ದರೆ ಪೆಟ್ರೋಲಿನ ಮೇಲಿರುವ ಗಾಳಿಯೇ ಹಿಗ್ಗಿ ಆ ಜಾಗ ತುಂಬಬೇಕು. ಟ್ಯಾಂಕ್ ಅರ್ಧ ಖಾಲಿಯಿದ್ದು ಮೇಲೆ ನಲವತ್ತು ಲೀಟರ್ ಗಾಳಿಯಿದ್ದರೆ ಒಂದು ಲೀಟರಿನ ಹಿಗ್ಗು ಅದಕ್ಕೆ ಗೊತ್ತೂ ಆಗುವುದಿಲ್ಲ. ಕಂಠಪೂರ್ತಿ ತುಂಬಿ ಮೇಲೆ ಐದೇ ಲೀಟರ್ ಗಾಳಿ ಉಳಿದಿದ್ದರೆ ಅದೇ ಒಂದು ಲೀಟರ್ ಐದನೆಯ ಒಂದು ಭಾಗ. ಪೆಟ್ರೋಲ್ ಆವಿಯಾಗಿ ಸ್ವಲ್ಪ ಕೊರತೆ ತುಂಬುವುದರಿಂದ ನಿಜವಾದ ಲೆಕ್ಕ ಇಷ್ಟು ನೇರವಲ್ಲ, ಆದರೂ ತುಂಬಿದ ಟ್ಯಾಂಕಿನಲ್ಲಿ ಒತ್ತಡ ಬೇಗ ಇಳಿಯುತ್ತದೆ. ಪಂಪ್ ಆ ಎಳೆತದ ವಿರುದ್ಧ ದುಡಿಯಬೇಕು. ಅದಕ್ಕಿಂತ ಕೆಟ್ಟದ್ದೆಂದರೆ, ಒತ್ತಡ ಇಳಿದಷ್ಟೂ ಪೆಟ್ರೋಲ್ ಕಡಿಮೆ ಬಿಸಿಗೇ ಕುದಿಯುತ್ತದೆ. ಎಂಜಿನ್ ಪಕ್ಕದ ಬೆಚ್ಚಗಿನ ಹೋಸ್‌ನಲ್ಲಿ ಗುಳ್ಳೆಗಳೆದ್ದು ಪಂಪ್ ಆವಿಯನ್ನೇ ಎಳೆಯತೊಡಗುತ್ತದೆ.

ಆದರೆ ಅನುಮಾನ ತೀರ್ಪಲ್ಲ. ಹೋಸ್, ಗಾಳಿಕೊಳವೆ, ಟ್ಯಾಂಕಿನೊಳಗಿನಿಂದ ಪೆಟ್ರೋಲ್ ಮೇಲಕ್ಕೆಳೆಯುವ ಎಳೆಕೊಳವೆ ಮೂರರ ಲಕ್ಷಣವೂ ಒಂದೇ ಬಗೆಯದು. ಆದ್ದರಿಂದ ಮೊದಲು ವ್ಯವಸ್ಥೆಯನ್ನು ಎರಡು ತುಂಡು ಮಾಡಿರಿ. ಔಟ್‌ಬೋರ್ಡ್ ಎಂಜಿನ್ನಿಗೆ ಬಳಸುವ ಕೈಟ್ಯಾಂಕನ್ನು ತೆರೆದ ಕಾಕ್‌ಪಿಟ್ಟಿನಲ್ಲಿಟ್ಟು, ಅದರ ಹೋಸನ್ನು ಪಂಪಿನ ಒಳಬಾಯಿಗೆ ಕ್ಲಿಪ್ ಹಾಕಿ ಜೋಡಿಸಿ ಓಡಿಸಿರಿ. ಆ ಹೋಸಿನ ನಡುವಿರುವ ರಬ್ಬರ್ ಗುಂಡನ್ನು ಮೊದಲು ಪೆಟ್ರೋಲ್ ತುಂಬಿಸುವುದಕ್ಕೆ ಮಾತ್ರ ಹಿಸುಕಿ, ಆಮೇಲೆ ಮುಟ್ಟಬೇಡಿ. ಹಿಸುಕುತ್ತಲೇ ಇದ್ದರೆ ತಮ್ಮ ಕೈಯೇ ಪಂಪ್ ಆಗಿ, ಸೋತ ಪಂಪ್ ಕೂಡ ಪರೀಕ್ಷೆಯಲ್ಲಿ ಗೆದ್ದುಬಿಡುತ್ತದೆ. ಎಂಜಿನ್ ಸರಾಗವಾಗಿ ಓಡಿದರೆ ಪಂಪ್, ಕಾರ್ಬೊರೇಟರ್ ಎರಡನ್ನೂ ಪಟ್ಟಿಯಿಂದ ಬಿಡಿ. ಎರಡನೆಯ ಹಂತಕ್ಕೆ ಎಳೆತವನ್ನು ಅಳೆಯುವ ಒಂದು ವ್ಯಾಕ್ಯೂಮ್ ಗೇಜ್ ಬೇಕು. ಅದನ್ನು ಫಿಲ್ಟರಿಗೂ ಪಂಪಿಗೂ ನಡುವೆ ಟೀ ಜೋಡಣೆಯಿಂದ ಕೂಡಿಸಿ ನಿಮಿಷ ನಿಮಿಷಕ್ಕೂ ಬರೆದುಕೊಳ್ಳಿ.

ಕೆಲಸಕ್ಕೆ ಮೊದಲು ಬ್ಯಾಟರಿಯ ಮುಖ್ಯ ಸ್ವಿಚ್ ಆರಿಸಿ. ಜೋಡಣೆ ಮುಗಿದು ಸೋರಿಕೆ ಒರೆಸಿದ ಮೇಲೆ ಆವಿಯನ್ನು ಹೊರಗೆ ಎಳೆದುಹಾಕುವ ಬ್ಲೋವರನ್ನು ಕನಿಷ್ಠ ನಾಲ್ಕು ನಿಮಿಷ ಓಡಿಸಿ, ತಳದ ಗುಂಡಿಗೆ ಮೂಗು ಒಡ್ಡಿ ನೋಡಿ, ಆಮೇಲಷ್ಟೇ ಸ್ಟಾರ್ಟ್ ಮಾಡಿ. ಅಗ್ನಿಶಾಮಕ ಹಿಡಿದ ಇನ್ನೊಬ್ಬರು ಜೊತೆಗಿರಲಿ.

ಉಬ್ಬರವಿಳಿತ

ಹಿಂದೆ ಬರೆದದ್ದನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಹೊಸ ಕಾರ್ಬೊರೇಟರ್ ಹಾಕಿದ ದಿನವೇ ನಾನು ಹೋಸನ್ನೂ ಬದಲಿಸಿದ್ದೆ. ಯಾವುದು ಗುಣ ಮಾಡಿತೋ ನಿಜವಾಗಿ ಗೊತ್ತಿಲ್ಲ. ಆದರೆ ನನ್ನದೊಂದು ಪ್ರಶ್ನೆಯಿದೆ. ಈಚೆಗೆ ಎಂಜಿನ್ ಆಯಿಲ್ ಮಟ್ಟ ತಾನಾಗಿಯೇ ಏರಿದೆ, ಕಡ್ಡಿ ಮೂಸಿದರೆ ಪೆಟ್ರೋಲಿನ ವಾಸನೆ. ಇದಕ್ಕೂ ಈ ಚರ್ಚೆಗೂ ಸಂಬಂಧವಿದೆಯೇ?

ಹಳೆಯ ಪಾನಾ

ಇದೆ, ಮತ್ತು ಉತ್ತರ ಸಿಗುವವರೆಗೆ ದಯವಿಟ್ಟು ಆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಕ್ಯಾಮ್‌ಶಾಫ್ಟ್‌ನಿಂದ ನಡೆಯುವ ಪಂಪಿನ ಪೊರೆ, ಅಂದರೆ ಡಯಾಫ್ರಮ್, ಹರಿದರೆ ಪೆಟ್ರೋಲ್ ನೇರವಾಗಿ ಆಯಿಲ್ ಇರುವ ಕ್ರ್ಯಾಂಕ್‌ಕೇಸಿಗೆ ಇಳಿಯಬಹುದು. ತೆಳುವಾದ ಆಯಿಲ್ ಬೇರಿಂಗುಗಳನ್ನು ತಿನ್ನುತ್ತದೆ, ಕ್ರ್ಯಾಂಕ್‌ಕೇಸಿನಲ್ಲಿ ತುಂಬಿದ ಆವಿಗೆ ಒಂದು ಕಿಡಿ ಸಾಕು. ಪಂಪ್ ಬದಲಿಸಿ, ಆಯಿಲನ್ನೂ ಬದಲಿಸಿ, ಆಮೇಲೆ ಮಟ್ಟ ಮತ್ತೆ ಏರುತ್ತದೆಯೇ ಎಂದು ಕಾದು ನೋಡಿ.

ಎಲೆಕ್ಟ್ರಿಕ್ ಪಂಪ್ ಹಾಕುವ ಯೋಚನೆಯಿದ್ದರೆ ಎರಡು ಮಾತು. ಅದರ ಒತ್ತಡ 2ರಿಂದ 4 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒಳಗಿರಲಿ. ಅದಕ್ಕಿಂತ ಹೆಚ್ಚಾದರೆ ಪೆಟ್ರೋಲ್ ಒಳಬರುವ ಬಾಯಿಯನ್ನು ಮುಚ್ಚುವ ಫ್ಲೋಟಿನ ನೀಡಲ್ ತಡೆಯಲಾರದೆ ಕಾರ್ಬೊರೇಟರ್ ಓವರ್‌ಫ್ಲೋ ಆಗುತ್ತದೆ, ಮತ್ತು ಈ ಎಂಜಿನ್‌ನಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಹೋಗುವುದರಿಂದ ಚೆಲ್ಲಿದ್ದೆಲ್ಲ ದೋಣಿಯ ತಳಕ್ಕೇ ಬೀಳುತ್ತದೆ. ಪಂಪಿಗೆ ಹೋಗುವ ವಿದ್ಯುತ್ತು ಆಯಿಲ್ ಒತ್ತಡದ ಸ್ವಿಚ್ಚಿನ ಮೂಲಕವೇ ಹೋಗಲಿ. ಇಲ್ಲವಾದರೆ ಎಂಜಿನ್ ನಿಂತ ಮೇಲೂ, ಹೋಸ್ ತುಂಡಾಗಿದ್ದರೂ, ಅದು ತನ್ನ ಪಾಡಿಗೆ ಪೆಟ್ರೋಲ್ ಸುರಿಯುತ್ತಿರುತ್ತದೆ.

ಪಡುವಣ ಗಾಳಿ

ಎರಡು ವಾರಾಂತ್ಯಗಳ ಕೆಲಸದ ವರದಿ ಇಲ್ಲಿದೆ.

ಸೀಸೆಯಲ್ಲಿ ಪದರ ನಿಲ್ಲಲಿಲ್ಲ, ಆದರೆ ತಳದಲ್ಲಿ ಕಾಫಿ ಬಣ್ಣದ ಹುಡಿ ಕೂತಿತ್ತು. ಕೈಟ್ಯಾಂಕಿನಿಂದ ಎಂಜಿನ್ ಒಂದು ಗಂಟೆ ಹತ್ತು ನಿಮಿಷ ಒಮ್ಮೆಯೂ ತಡವರಿಸದೆ ಓಡಿತು, ನಾನೇ ಆರಿಸಬೇಕಾಯಿತು. ನಂತರ ದೋಣಿಯ ಟ್ಯಾಂಕಿಗೆ ಮರಳಿ ಗೇಜ್ ಕೂಡಿಸಿದೆ. ಆರಂಭದಲ್ಲಿ ಮುಳ್ಳು ಪಾದರಸದ 1 ಇಂಚಿನಲ್ಲಿತ್ತು, ಹತ್ತು ನಿಮಿಷಕ್ಕೆ 3 ದಾಟಿತು, ಇಪ್ಪತ್ತಕ್ಕೆ 5 ಮುಟ್ಟುತ್ತಿದ್ದಂತೆ ತಡವರಿಕೆ ಶುರುವಾಯಿತು. ಆಗ ಜೊತೆಗಿದ್ದವರು ಡೆಕ್ ಮೇಲಿನ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಉಸ್ಸೆಂದು ಗಾಳಿ ಒಳಗೆ ಹೋದ ಸದ್ದು ನನಗೆ ಎಂಜಿನ್ ಪಕ್ಕದಲ್ಲಿಯೂ ಕೇಳಿಸಿತು. ಮುಳ್ಳು ಒಮ್ಮೆಲೇ ಇಳಿಯಿತು, ಆದರೆ 1ಕ್ಕೆ ಬರಲಿಲ್ಲ, 3ರಲ್ಲಿ ನಿಂತಿತು. ಎಂಜಿನ್ ಚೇತರಿಸಿಕೊಂಡಿತಾದರೂ ಪೂರ್ತಿ ಥ್ರಾಟಲ್ ಕೊಟ್ಟರೆ ಇನ್ನೂ ಗೊಣಗುತ್ತಿತ್ತು. ಮುಚ್ಚಳ ತೆರೆದ ಮೇಲೂ ಉಳಿದ ಆ ಎರಡು ಇಂಚು ಎಲ್ಲಿಯದು?

ಚುಕ್ಕಾಣಿ

ಎರಡು ದೋಷಗಳು ಒಂದರ ಹಿಂದೊಂದು ಅಡಗಿವೆ. ಮುಚ್ಚಳ ತೆರೆದಾಗ ಹೋದದ್ದು ಗಾಳಿಕೊಳವೆಯ ಪಾಲು, ಉಳಿದದ್ದು ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯ ಪಾಲು. ಗೇಜ್ ಇಲ್ಲದೆ ಬರೇ ಮುಚ್ಚಳ ತೆರೆದು ನೋಡಿದ್ದರೆ ಎಂಜಿನ್ ಚೇತರಿಸಿತೆಂದು ಗಾಳಿಕೊಳವೆಯನ್ನಷ್ಟೇ ತೊಳೆದು ಸಮುದ್ರಕ್ಕೆ ಹೊರಟುಬಿಡುತ್ತಿದ್ದಿರಿ. ಫಿಲ್ಟರ್ ಹೊಸದು. ಹಾಗಾಗಿ ಉಳಿದಿರುವುದು ಹೋಸ್, ಪೆಟ್ರೋಲ್ ತಾನಾಗಿ ಹರಿದು ಹೊರಹೋಗದಂತೆ (ಸೈಫನ್) ತಡೆಯುವ ಟ್ಯಾಂಕಿನ ಬಾಯಲ್ಲಿರುವ ವಾಲ್ವ್, ಮತ್ತು ಎಳೆಕೊಳವೆಯ ತುದಿಯ ಜಾಲರಿ. ಕಾಫಿ ಬಣ್ಣದ ಹುಡಿ ಜಾಲರಿಯ ಕಡೆಗೇ ಬೆರಳು ತೋರಿಸುತ್ತಿದೆ: ಎಂಜಿನ್ ಓಡುವಾಗ ಕಸ ಜಾಲರಿಗೆ ಒತ್ತಿಕೊಳ್ಳುತ್ತದೆ, ನಿಂತಾಗ ಉದುರುತ್ತದೆ. ಎಂಜಿನ್ ಹತ್ತು ನಿಮಿಷಕ್ಕೆ ಚೇತರಿಸುತ್ತಿದ್ದುದಕ್ಕೂ, ಎರಡನೆಯ ಸಲ ಬೇಗ ನಿಲ್ಲುತ್ತಿದ್ದುದಕ್ಕೂ ಇದು ಹೊಂದುತ್ತದೆ, ಏಕೆಂದರೆ ಕದಡಿದ ಕಸ ಆಗ ಇನ್ನೂ ಹತ್ತಿರದಲ್ಲೇ ತೇಲುತ್ತಿರುತ್ತದೆ.

ಗಾಳಿಕೊಳವೆ ತೊಳೆಯುವಾಗ ಅದನ್ನು ಟ್ಯಾಂಕಿನ ಕಡೆ ಕಳಚಿ, ಒಳಗಿನಿಂದ ಹೊರಕ್ಕೆ ಊದಿ. ಕಳಚದೆ ಕಂಪ್ರೆಸರ್ ಗಾಳಿ ಬಿಟ್ಟರೆ ಟ್ಯಾಂಕಿನ ಬೆಸುಗೆಯೇ ಬಿಡಬಹುದು.

ಪಡುವಣ ಗಾಳಿ

ದೋಣಿಯ ಹಿಂಬದಿಯಲ್ಲಿರುವ ಗಾಳಿಕೊಳವೆಯ ಬಾಯಿ ಬಿಚ್ಚಿದಾಗ ಸಿಕ್ಕಿದ್ದು ಕುಂಬಾರ ಹುಳದ ಗೂಡು! ಬೆರಳಿನ ಗೆಣ್ಣಿನಷ್ಟು ಉದ್ದದ ಒಣಮಣ್ಣು, ಪಕ್ಕದಲ್ಲಿ ಸೂಜಿ ತೂರುವಷ್ಟು ಸಂದು ಮಾತ್ರ ಉಳಿದಿತ್ತು. ಆ ಸಂದಿನಿಂದಲೇ ಹತ್ತು ನಿಮಿಷ ಗಾಳಿ ನುಸುಳಿ ಟ್ಯಾಂಕ್ ಮತ್ತೆ ಉಸಿರಾಡುತ್ತಿತ್ತು ಎಂದು ಈಗ ಅರ್ಥವಾಗುತ್ತಿದೆ. ಇಷ್ಟಲ್ಲದೆ, ಗಾಳಿಕೊಳವೆಯ ಹೋಸ್ ಪೆಟ್ಟಿಗೆಯ ಹಿಂದೆ ಜೋಲುಬಿದ್ದು ಒಂದು ಬಾಗು ಮಾಡಿಕೊಂಡಿತ್ತು. ಟ್ಯಾಂಕ್ ಕಂಠಪೂರ್ತಿ ತುಂಬಿಸಿದಾಗ ಉಕ್ಕಿದ ಪೆಟ್ರೋಲ್ ಆ ಬಾಗಿನಲ್ಲಿ ನಿಂತು ಎರಡನೆಯ ಬಿರಡೆಯಂತೆ ಕೆಲಸ ಮಾಡುತ್ತಿತ್ತು. ಹೋಸನ್ನು ಗಿಡ್ಡ ಮಾಡಿ, ಟ್ಯಾಂಕಿನ ಕಡೆಗೆ ಇಳಿಜಾರಾಗುವಂತೆ ಪಟ್ಟಿ ಹಾಕಿ ಎತ್ತಿ ಕಟ್ಟಿದ್ದೇನೆ.

ಎಳೆಕೊಳವೆಯನ್ನು ಹೊರತೆಗೆಯಲು ಅರ್ಧ ದಿನ ಹಿಡಿಯಿತು. ತುದಿಯ ಹಿತ್ತಾಳೆ ಜಾಲರಿಯಲ್ಲಿ ಮುಕ್ಕಾಲು ಪಾಲು ಗೋಂದಿನಂಥ ಅಂಟಿನಿಂದ ಮುಚ್ಚಿತ್ತು. ಅದನ್ನು ತೊಳೆದು ಮತ್ತೆ ಹಾಕಲೋ, ತೆಗೆದೇ ಬಿಡಲೋ?

ಹಳೆಯ ಪಾನಾ

ನನ್ನ ದೋಣಿಯಲ್ಲಿ ತೆಗೆದುಬಿಟ್ಟಿದ್ದೇನೆ. ಕಸ ಹಿಡಿಯುವ ಕೆಲಸ ಕೈಗೆ ಸಿಗುವ ಜಾಗದಲ್ಲಿ, ಬಿಚ್ಚಿ ನೋಡಬಹುದಾದ ಫಿಲ್ಟರಿನಲ್ಲಿ ನಡೆಯಬೇಕೇ ಹೊರತು ಟ್ಯಾಂಕಿನ ಕತ್ತಲೆಯಲ್ಲಲ್ಲ. ನೀರು ಬೇರ್ಪಡಿಸುವ, 10 ಮೈಕ್ರಾನಿನ ಒಳ್ಳೆಯ ಫಿಲ್ಟರ್ ಇದ್ದರೆ ಜಾಲರಿಯ ಅಗತ್ಯವಿಲ್ಲ. ಫಿಲ್ಟರಿನ ಬಟ್ಟಲು ಎಂಜಿನ್ ಕೋಣೆಯಲ್ಲಿ ಬೆಂಕಿಗೆ ತಡೆಯುವ ಲೋಹದ್ದೇ ಆಗಿರಲಿ. ಒಳಗೆ ಕಾಣುವ ಪಾರದರ್ಶಕ ಪ್ಲಾಸ್ಟಿಕ್ ಫಿಲ್ಟರ್‌ಗಳು ಹುಲ್ಲು ಕತ್ತರಿಸುವ ಯಂತ್ರಕ್ಕೆ ಸರಿ, ದೋಣಿಗಲ್ಲ. ಟ್ಯಾಂಕಿನಲ್ಲಿ ಹುಡಿ ಇನ್ನೂ ಇದೆ ಎಂಬುದನ್ನು ಮರೆಯಬೇಡಿ: ಟ್ಯಾಂಕನ್ನು ಪೂರ್ತಿ ಬರಿದು ಮಾಡಿ ತೊಳೆಯುವವರೆಗೆ ಫಿಲ್ಟರ್ ಬೇಗಬೇಗ ತುಂಬುತ್ತದೆ, ಒಂದೆರಡು ಬಿಡಿ ಫಿಲ್ಟರ್ ಜೊತೆಗಿರಲಿ.

ಪಡುವಣ ಗಾಳಿ

ಜಾಲರಿ ತೆಗೆದು, ಎಳೆಕೊಳವೆಗೆ ಹೊಸ ಗ್ಯಾಸ್ಕೆಟ್ ಹಾಕಿ, ಎ1-15 ಹೋಸ್ ಎಳೆದು, ಟ್ಯಾಂಕ್ ಬೇಕೆಂದೇ ಕಂಠಪೂರ್ತಿ ತುಂಬಿಸಿ ಕಟ್ಟೆಯಲ್ಲೇ ಎರಡು ಗಂಟೆ ಓಡಿಸಿದೆ. ಗೇಜಿನ ಮುಳ್ಳು 1ನ್ನು ಬಿಟ್ಟು ಅಲುಗಲಿಲ್ಲ. ನಿನ್ನೆ ಹೊರಗೆ, ಅಲೆಗಳಿದ್ದ ನೀರಿನಲ್ಲಿ ಮೂರು ಗಂಟೆ ಓಡಿಸಿದೆ. ದಡಕ್ಕೆ ಬರುವ ಹೊತ್ತಿಗೆ 2ರ ಹತ್ತಿರ ಬಂದಿತ್ತು. ಫಿಲ್ಟರ್ ಬಿಚ್ಚಿದರೆ ಅದೇ ಕಾಫಿ ಬಣ್ಣದ ಹುಡಿ. ಬದಲಿಸಿದ ಮೇಲೆ ಮತ್ತೆ 1. ಗೇಜ್ ಇನ್ನು ಅಲ್ಲೇ ಇರುತ್ತದೆ. ತಾತ್ಕಾಲಿಕ ಟೀ ಜೋಡಣೆಯನ್ನು ತೆಗೆದು ಲೋಹದ ಜೋಡಣೆ ಹಾಕಿದ್ದೇನೆ.

ಕೊನೆಯದೊಂದು ಸಂದೇಹ. ಹುಳ ಮತ್ತೆ ಬಾರದಂತೆ ಗಾಳಿಕೊಳವೆಯ ಬಾಯಿಗೆ ಸೊಳ್ಳೆಪರದೆಯಂಥ ಸಣ್ಣ ಜಾಲರಿ ಕಟ್ಟಬಹುದೇ?

ಚುಕ್ಕಾಣಿ

ಬೇಡ. ಆ ಬಾಯೊಳಗೆ ಜ್ವಾಲೆ ಒಳನುಗ್ಗದಂತೆ ತಡೆಯುವ ಲೋಹದ ಜಾಲರಿ ಈಗಾಗಲೇ ಇರಬೇಕು. ಗೂಡು ಕೀಳುವಾಗ ಅದು ಹರಿದಿಲ್ಲವೆಂದು ಖಚಿತಪಡಿಸಿಕೊಳ್ಳಿ, ಹರಿದಿದ್ದರೆ ಇಡೀ ಬಾಯಿಯನ್ನೇ ಬದಲಿಸಿ. ಅದರ ಮೇಲೆ ಇನ್ನೂ ಸಣ್ಣ ಜಾಲರಿ ಕಟ್ಟಿದರೆ ಉಪ್ಪು ಕಟ್ಟಿಕೊಂಡು ಹುಳ ಮಾಡಿದ ಕೆಲಸವನ್ನೇ ಮಾಡುತ್ತದೆ. ದೋಣಿ ತಿಂಗಳುಗಟ್ಟಲೆ ನಿಂತಿದ್ದರೆ, ಹೊರಡುವ ಮೊದಲು ಹಿಂಬದಿಗೆ ಬಗ್ಗಿ ಆ ಬಾಯನ್ನು ಕಣ್ಣಾರೆ ನೋಡಿ. ಮಣ್ಣಿನ ಗುರುತು ಕಂಡರೆ ಕೆದಕಿ ಒಳಗೆ ತಳ್ಳಬೇಡಿ, ಬಿಚ್ಚಿ ಹೊರಗೆ ತೆಗೆಯಿರಿ.